ಜಾನುವಾರು ಕ್ಷಯ: ರೋಗಾಣುವಿನ ಆನುವಂಶಿಕ ಗುರುತು

ದನಗಳ ಕ್ಷಯಕ್ಕೆ ಮುಖ್ಯ ಕಾರಣ ಮೈಕೊಬ್ಯಾಕ್ಟೀರಿಯಂ ಬೋವಿಸ್. ಇದು ಪ್ರಾಣಿಜನ್ಯ ರೋಗ. ಕಾಯಿಸದ ಹಾಲಿನಿಂದ ಮನುಷ್ಯರಿಗೂ ತಗಲಬಹುದು. ಆದ್ದರಿಂದ ಉಡುಪಿ ಜಿಲ್ಲೆ ಕುಂದಾಪುರ ತಾಲ್ಲೂಕಿನ ಶಂಕರನಾರಾಯಣದಂತಹ, ಹಟ್ಟಿಗಳಿರುವ ಊರುಗಳಿಗೆ ಈ ವಿಷಯ ಹತ್ತಿರದ್ದು.

ಪ್ರಾಥಮಿಕ ಪತ್ತೆ
• ಟ್ಯೂಬರ್‌ಕ್ಯುಲಿನ್ ಚರ್ಮ ಪರೀಕ್ಷೆ: ಚುಚ್ಚಿದ 72 ಗಂಟೆಗಳ ಬಳಿಕ ಚರ್ಮದ ದಪ್ಪ ಅಳೆಯುತ್ತಾರೆ. ಸೋಂಕಿನ ಸುಳಿವು ಸಿಗುತ್ತದೆ, ರೋಗಾಣುವಿನ ತಳಿ ತಿಳಿಯುವುದಿಲ್ಲ.

ತಳಿ ಗುರುತಿಸುವ ವಿಧಾನಗಳು
• ಸ್ಪೋಲಿಗೋಟೈಪಿಂಗ್ (1997): ಡಿಎನ್‌ಎಯ ಒಂದು ಭಾಗದಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಅವುಗಳ ನಡುವಿನ 43 ಅಂತರ ತುಣುಕುಗಳಲ್ಲಿ ಯಾವುವು ಇವೆ, ಯಾವುವು ಇಲ್ಲ ಎಂದು ನೋಡುತ್ತಾರೆ. ಬೋವಿಸ್‌ನಲ್ಲಿ ಸಾಮಾನ್ಯವಾಗಿ 3, 9, 16 ಮತ್ತು 39ರಿಂದ 43ನೇ ತುಣುಕುಗಳು ಇರುವುದಿಲ್ಲ.
• ವಿಎನ್‌ಟಿಆರ್: ನಿರ್ದಿಷ್ಟ ಜಾಗಗಳಲ್ಲಿ ತುಣುಕುಗಳು ಎಷ್ಟು ಬಾರಿ ಪುನರಾವರ್ತನೆ ಆಗಿವೆ ಎಂಬ ಎಣಿಕೆ.
• ಪೂರ್ಣ ಜೀನೋಮ್ ವಿಶ್ಲೇಷಣೆ: ಅತ್ಯಂತ ನಿಖರ. ಬೋವಿಸ್‌ನ ಪೂರ್ಣ ಜೀನೋಮ್ ಪ್ರಕಟವಾದದ್ದು 2003ರಲ್ಲಿ.

ಉಪಯೋಗ: ಎರಡು ಹಟ್ಟಿಗಳ ಸೋಂಕಿಗೆ ಮೂಲ ಒಂದೇ ಇರಬಹುದೇ, ದನದಿಂದ ಮನುಷ್ಯರಿಗೆ ಹರಡಿತೇ ಎಂದು ತಿಳಿಯಲು ನೆರವು.

ನೆನಪಿಡಿ
• ಕ್ಷಯ ರೋಗಾಣು ಪತ್ತೆ: ರಾಬರ್ಟ್ ಕಾಕ್, 1882.
• ಬಿಸಿಜಿ ಲಸಿಕೆಯ ಮೂಲ ಬೋವಿಸ್. ಮನುಷ್ಯರಿಗೆ ಮೊದಲ ಬಳಕೆ 1921.
• ಬೋವಿಸ್‌ಗೆ ಪೈರಜಿನಮೈಡ್ ಔಷಧದ ವಿರುದ್ಧ ಸಹಜ ನಿರೋಧಕತೆ ಇದೆ.
• ಭಾರತದ ದನಗಳಲ್ಲಿ ಮೈಕೊಬ್ಯಾಕ್ಟೀರಿಯಂ ಒರಿಜಿಸ್ ಎಂಬ ಸಂಬಂಧಿತ ರೋಗಾಣು ಕೂಡ ಕಂಡುಬಂದಿದೆ.
• ರಾಷ್ಟ್ರೀಯ ಕ್ಷಯರೋಗ ಸಂಸ್ಥೆ: ಬೆಂಗಳೂರು, 1959.
• ಹಾಲಿನ ಪಾಶ್ಚರೀಕರಣ: 72 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡು.