ಮಲೆನಾಡಿನ ತೋಟದ ಹಳೆಯ ಜೀಪು: ಮಿತವ್ಯಯದ ದುರಸ್ತು ಮತ್ತು ಸುಧಾರಣೆ

ಚಿಕ್ಕಮಗಳೂರು, ಹಾಸನ, ಕೊಡಗು ಮತ್ತು ಶಿವಮೊಗ್ಗ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಕಾಫಿ, ಅಡಿಕೆ, ಏಲಕ್ಕಿ ತೋಟಗಳು ಬಹುಮಟ್ಟಿಗೆ ಗುಡ್ಡದ ಇಳಿಜಾರುಗಳಲ್ಲಿಯೂ ಕಣಿವೆಗಳಲ್ಲಿಯೂ ಇರುವುವು. ಸರ್ಕಾರಿ ರಸ್ತೆಯಿಂದ ತೋಟದ ಮನೆಗೆ ಹೋಗುವ ದಾರಿ ಅನೇಕ ಕಡೆ ಮಣ್ಣಿನದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅದು ಕೆಸರಾಗಿ, ಅಲ್ಲಲ್ಲಿ ಹಳ್ಳ ಅಡ್ಡ ಹರಿದು, ಸಾಧಾರಣ ಮೋಟಾರು ಗಾಡಿಯ ಸಂಚಾರಕ್ಕೆ ಅನುಕೂಲವಾಗಿರುವುದಿಲ್ಲ. ಆದರೆ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವನ್ನೂ ಸುಣ್ಣವನ್ನೂ ಸಾಗಿಸುವುದು, ಆಳುಗಳನ್ನು ಕರೆತರುವುದು, ರಾತ್ರಿವೇಳೆ ರೋಗಿಯೊಬ್ಬನನ್ನು ಆಸ್ಪತ್ರೆಗೆ ಮುಟ್ಟಿಸುವುದು ಇವೆಲ್ಲ ಆ ಮಳೆಗಾಲದಲ್ಲಿಯೇ ಆಗಬೇಕಾದ ಕೆಲಸಗಳು. ಆದಕಾರಣ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ದೊರೆಯುವ ಜೀಪು ಮಲೆನಾಡಿನ ಬೇಸಾಯದ ಸಲಕರಣೆಗಳಲ್ಲಿ ಒಂದೆಂದೇ ಎಣಿಸತಕ್ಕದ್ದಾಗಿದೆ.

ಜೀಪು ಮೊದಲು ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ಗಾಡಿ. ೧೯೪೫ರಲ್ಲಿ ಅದರ ನಾಗರಿಕ ನಮೂನೆ ಹೊರಬಂದಿತು. ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿಯವರು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. ಮುಂದೆ ಇದೇ ವಂಶದ ಸಿ.ಜೆ. ೩ಬಿ, ಎಂ.ಎಂ. ೫೪೦ ಮೊದಲಾದ ನಮೂನೆಗಳು ದೇಶದಲ್ಲೆಲ್ಲ ಹರಡಿದವು. ಇವು ಈಗ ತಯಾರಾಗುತ್ತಿಲ್ಲವಾದರೂ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವುದುಂಟು. ರಚನೆ ಸರಳವಾದುದರಿಂದ ಊರ ಮೆಕ್ಯಾನಿಕನೇ ಇವನ್ನು ಬಿಚ್ಚಿ ಕೂಡಿಸಬಲ್ಲನು.

ಹೊಸ ಗಾಡಿಯ ಬೆಲೆಯನ್ನು ಹೊರಲಾರದ ಸಣ್ಣ ಬೆಳೆಗಾರನು ಹಳೆಯದೊಂದನ್ನು ಕೊಂಡು ಸರಿಪಡಿಸಿಕೊಳ್ಳುವುದು ವಿವೇಕವೇ ಸರಿ. ಆದರೆ ಸಾಮಾನ್ಯವಾಗಿ ಹಣ ವ್ಯಯವಾಗುವ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಬಣ್ಣ, ಆಮೇಲೆ ದಪ್ಪ ಟೈರು, ಬಳಿಕ ಎಂಜಿನಿನ ಬಲವರ್ಧನೆ, ಕೊನೆಗೆ ಹಣ ಉಳಿದರೆ ಬ್ರೇಕು! ಇದು ಸಲ್ಲದು. ಗಾಡಿಗೆ ಮೊದಲು ನಿಲ್ಲುವ ಶಕ್ತಿ, ಎರಡನೆಯದಾಗಿ ಹೇಳಿದ ಕಡೆಗೆ ತಿರುಗುವ ಶಕ್ತಿ, ಮೂರನೆಯದಾಗಿ ಓಡುವ ಶಕ್ತಿ, ಇವೆಲ್ಲವೂ ಆದ ಮೇಲೆ ಸುಧಾರಣೆ. ಇದೇ ದುರಸ್ತಿನ ಸರಿಯಾದ ಕ್ರಮವು.

೧. ಮೊದಲ ಪರೀಕ್ಷೆ

ಹಣ ಕೊಡುವುದಕ್ಕೆ ಮುಂಚೆ ಗಾಡಿಯ ಅಡಿಗಟ್ಟು, ಎಂದರೆ ಚಾಸಿಯನ್ನು ಚೆನ್ನಾಗಿ ತೊಳೆಯಿಸಿ ನೋಡತಕ್ಕದ್ದು. ಸ್ಪ್ರಿಂಗಿನ ಕೊಂಡಿಗಳು ಕೂಡುವೆಡೆಯಲ್ಲಿಯೂ, ಸ್ಟೀರಿಂಗ್ ಪೆಟ್ಟಿಗೆ ಕುಳಿತಿರುವೆಡೆಯಲ್ಲಿಯೂ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಕಬ್ಬಿಣವು ಖಣಿಲೆನ್ನುತ್ತದೆ. ತುಕ್ಕು ತಿಂದ ಕಬ್ಬಿಣದ ದನಿ ಮಂಕಾಗಿರುತ್ತದೆ. ಎಂಜಿನು, ಗೇರು ಪೆಟ್ಟಿಗೆಗಳನ್ನು ಬದಲಾಯಿಸಬಹುದು; ಚಾಸಿಯೇ ಕೊಳೆತಿದ್ದರೆ ಅಂಥ ಗಾಡಿಯನ್ನು ಕೊಳ್ಳದಿರುವುದೇ ಲಾಭ. ಚಾಸಿಯ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ನೋಂದಣಿ ಪುಸ್ತಕದಲ್ಲಿರುವಂತೆಯೇ ಇವೆಯೇ ಎಂಬುದನ್ನು ಅದೇ ದಿನ ತಾಳೆ ನೋಡಬೇಕು. ಖಾಸಗಿ ಗಾಡಿಯ ನೋಂದಣಿ ೧೫ ವರ್ಷಗಳಿಗೆ ಮುಗಿಯುವುದರಿಂದ, ಅದನ್ನು ಯೋಗ್ಯತಾ ಪರೀಕ್ಷೆಯೊಡನೆ ನವೀಕರಿಸಲಾಗಿದೆಯೇ ಎಂಬುದೂ ಮುಖ್ಯ.

ಹಳೆಯ ನಮೂನೆಗಳಲ್ಲಿ ಇಂಧನದ ತೊಟ್ಟಿಯು ಚಾಲಕನ ಆಸನದ ಕೆಳಗೇ ಇರುತ್ತದೆ. ಅದನ್ನು ಬಿಚ್ಚಿ ದೂರವಿಟ್ಟಲ್ಲದೆ ಚಾಸಿಗೆ ಬೆಸುಗೆ ಹಾಕಿಸಕೂಡದು. ಬರಿದಾದ ತೊಟ್ಟಿಯಲ್ಲಿಯೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಒಂದು ಕಿಡಿ ತಾಗಿದರೆ ಅದು ಸಿಡಿಯುವುದು.

೨. ಬ್ರೇಕು

ಈ ಜೀಪುಗಳ ನಾಲ್ಕು ಚಕ್ರಗಳಲ್ಲಿಯೂ ಡ್ರಮ್ಮಿನ ಬ್ರೇಕುಗಳಿರುವುವು. ಚಾಲಕನು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲು ಕೊಳವೆಗಳ ಮೂಲಕ ಪ್ರತಿಯೊಂದು ಚಕ್ರಕ್ಕೂ ಹೋಗಿ ಲೈನಿಂಗುಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಹಳೆಯ ನಮೂನೆಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಕೊಳವೆಯ ಮಾರ್ಗವಿರುವುದು ಇದರ ದೊಡ್ಡ ಕೊರತೆ. ಯಾವುದಾದರೂ ಒಂದು ಚಕ್ರದಲ್ಲಿ ಸೋರಿಕೆಯಾದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಬಿಡುತ್ತವೆ. ಆಳುಗಳನ್ನು ಕೂರಿಸಿಕೊಂಡು ಒದ್ದೆ ಇಳಿಜಾರಿನಲ್ಲಿ ಇಳಿಯುವಾಗ ಹೀಗಾದರೆ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಕೊರತೆಯೆಂದರೆ, ಮಾಸ್ಟರ್ ಸಿಲಿಂಡರು ಚಾಲಕನ ಕಾಲಡಿಯ ತಗಡಿನ ಕೆಳಗೆ ಇರುವುದು. ಕಣ್ಣಿಗೆ ಕಾಣದುದರಿಂದ ಆಯಿಲು ಎಷ್ಟಿದೆಯೆಂದು ಯಾರೂ ನೋಡುವುದಿಲ್ಲ; ನೋಡಲು ಮುಚ್ಚಳ ತೆಗೆದಾಗ ಸುತ್ತಲಿನ ಕೆಸರು ಒಳಕ್ಕೆ ಬೀಳುತ್ತದೆ. ಆದುದರಿಂದ ಮೊದಲು ತಗಡನ್ನು ಒರೆಸಿ, ಆಮೇಲೆ ಮುಚ್ಚಳ ತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಕೊಂಡ ಗಾಡಿಯ ರಬ್ಬರು ಕಪ್ಪುಗಳನ್ನೂ ರಬ್ಬರು ಕೊಳವೆಗಳನ್ನೂ, ಅವು ಚೆನ್ನಾಗಿ ಕಂಡರೂ ಸಹ, ಹೊಸದಾಗಿ ಹಾಕಿಸುವುದು ಕ್ಷೇಮ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವ ರೂಢಿಯುಂಟು, ಅದರಿಂದ ಪ್ರಯೋಜನವಿಲ್ಲ. ಹಿಂದಿನ ಚಕ್ರದ ಎಣ್ಣೆಯು ಸೀಲನ್ನು ದಾಟಿ ಬಂದಿರುವುದೇ ಕಾರಣವಾಗಿದ್ದರೆ ಸೀಲನ್ನು ಮೊದಲು ಬದಲಾಯಿಸಿ, ಆಮೇಲೆ ಹೊಸ ಲೈನಿಂಗನ್ನು ಹಾಕಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿಯಂತ್ರದಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು.

ಕೆಲಸ ಮುಗಿದ ಬಳಿಕ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಕೊಳವೆಯೊಳಗಿನ ಗಾಳಿಯನ್ನು ಹೊರಡಿಸಬೇಕು. ಪೆಡಲು ಮೆತ್ತಗೆ ಸ್ಪ್ರಿಂಗಿನಂತೆ ಕುಣಿದರೆ ಗಾಳಿ ಉಳಿದಿದೆಯೆಂದು ತಿಳಿಯಬೇಕು. ಬ್ರೇಕ್ ಆಯಿಲು ತೇವವನ್ನು ಹೀರುವ ಗುಣದ್ದು. ಮಲೆನಾಡಿನ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸಬೇಕು. ಎಂಜಿನ್ ಆಯಿಲನ್ನು ಅದರಲ್ಲಿ ಎಂದಿಗೂ ಬೆರೆಸಕೂಡದು. ರಬ್ಬರು ಉಬ್ಬಿ ಬ್ರೇಕು ಕೆಡುವುದು.

೩. ಸ್ಟೀರಿಂಗು ಮತ್ತು ಚಕ್ರಗಳು

ಹಳ್ಳವೊಂದನ್ನು ದಾಟಿದೊಡನೆ ಮುಂದಿನ ಚಕ್ರಗಳು ಥರಥರನೆ ಅದುರಿ, ಸ್ಟೀರಿಂಗು ಕೈಯಿಂದ ಕಿತ್ತುಕೊಳ್ಳುವುದು ಹಳೆಯ ಜೀಪುಗಳಲ್ಲಿ ಸಾಮಾನ್ಯ. ಇದಕ್ಕೆ ಅದುರು ತಡೆಯುವ ಡ್ಯಾಂಪರನ್ನು ಹಾಕಿಸಿ ಸುಮ್ಮನಾಗುವವರಿದ್ದಾರೆ. ಡ್ಯಾಂಪರು ರೋಗದ ಚಿಹ್ನೆಯನ್ನು ಮರೆಮಾಡುವುದೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ.

ಕಾರಣವನ್ನು ಕಂಡುಹಿಡಿಯುವ ಕ್ರಮ ಸುಲಭವಾಗಿದೆ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿಯನ್ನು ಕೊಟ್ಟು, ಚಕ್ರದ ಮೇಲುಭಾಗವನ್ನೂ ಕೆಳಭಾಗವನ್ನೂ ಹಿಡಿದು ಅಲುಗಿಸಬೇಕು. ಸಡಿಲವಿದ್ದರೆ ಇನ್ನೊಬ್ಬನಿಂದ ಬ್ರೇಕನ್ನು ಒತ್ತಿಸಬೇಕು. ಆಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನಲ್ಲಿದೆ. ಎಡಬಲಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡಿನ ತುದಿಗಳು ಸವೆದಿರುವುವು. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಾಗುವುದಿಲ್ಲ. ಇದನ್ನು ಮಾಡದೆ ಕೊಂಡ ಬಿಡಿಭಾಗಗಳಿಗೆ ಕೊಟ್ಟ ಹಣವೇ ನಿಜವಾದ ನಷ್ಟ.

೪. ನಾಲ್ಕು ಚಕ್ರದ ಚಾಲನೆ

ತಿರುವಿನಲ್ಲಿ ಮುಂದಿನ ಚಕ್ರಗಳು ಕ್ರಮಿಸುವ ದೂರ ಹಿಂದಿನವುಗಳಿಗಿಂತ ಹೆಚ್ಚು. ಈ ಜೀಪುಗಳಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸುವ ನಡುವಣ ಸಾಧನವಿಲ್ಲ. ಕೆಸರಿನಲ್ಲಿ ಚಕ್ರಗಳು ಸ್ವಲ್ಪ ಜಾರಿ ಲೆಕ್ಕ ಸರಿಹೋಗುವುದು. ಡಾಂಬರು ರಸ್ತೆಯಲ್ಲಿ ಜಾರಲಾಗದೆ ಗೇರುಗಳೂ ಶಾಫ್ಟುಗಳೂ ಬಿಗಿದುಕೊಂಡು ಮುರಿಯಬಹುದು. ಆದಕಾರಣ ಗಟ್ಟಿ ರಸ್ತೆಗೆ ಬಂದೊಡನೆ ಮುಂದಿನ ಚಾಲನೆಯನ್ನು ಬಿಡಿಸತಕ್ಕದ್ದು. ಇದೇ ಕಾರಣದಿಂದ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಕೂಡದು. ನಾಲ್ಕೂ ಒಂದೇ ಅಳತೆಯವಾಗಿರಬೇಕು.

ಹಳ್ಳ ದಾಟುವ ದಿನಗಳಲ್ಲಿ ಗೇರು ಪೆಟ್ಟಿಗೆ ಮತ್ತು ಎರಡು ಡಿಫರೆನ್ಷಿಯಲುಗಳ ಎಣ್ಣೆಯನ್ನು ವಾರಕ್ಕೊಮ್ಮೆ ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಅದನ್ನು ಒಡನೆ ಬದಲಾಯಿಸದಿದ್ದರೆ ಬೇರಿಂಗುಗಳು ತುಕ್ಕು ಹಿಡಿಯುವುವು. ಶಾಫ್ಟಿನ ಕ್ರಾಸುಗಳಿಗೂ ಸ್ಪ್ರಿಂಗಿನ ಕೊಂಡಿಗಳಿಗೂ ಹೊಸ ಗ್ರೀಸು ತುಂಬಿ ಕೆಸರು ನೀರನ್ನು ಹೊರದೂಡಬೇಕು.

೫. ಎಂಜಿನು

ಎಂಜಿನನ್ನು ಬಿಚ್ಚುವುದಕ್ಕೆ ಮುನ್ನ ಹೊಗೆಯನ್ನು ನೋಡಬೇಕು. ನೀಲಿ ಹೊಗೆಯು ಎಂಜಿನ್ ಆಯಿಲು ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆಯು ಇಂಧನ ಹೆಚ್ಚಾಗಿರುವುದರ ಅಥವಾ ಗಾಳಿ ಸಾಲದಿರುವುದರ ಗುರುತು. ಎರಡನೆಯದಕ್ಕೆ ಅನೇಕ ವೇಳೆ ಗಾಳಿಯ ಸೋಸಕವನ್ನು ಶುಚಿಮಾಡುವುದೇ ಸಾಕಾಗಬಹುದು. ಪೆಟ್ರೋಲು ಎಂಜಿನಿನಲ್ಲಿ ಒತ್ತಡ ಕಡಿಮೆಯಿದ್ದರೆ ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗುಗಳು ಸವೆದಿವೆ. ಏರದಿದ್ದರೆ ದೋಷ ವಾಲ್ವುಗಳಲ್ಲಿದೆಯೆಂದು ಊಹಿಸಬಹುದು. ವಾಲ್ವಿನ ಕೆಲಸ ಮಾತ್ರ ಸಾಕಾಗುವಲ್ಲಿ ಎಂಜಿನನ್ನೆಲ್ಲ ಬಿಚ್ಚಿಸುವುದು ದುಂದುವೆಚ್ಚ.

ಗುಡ್ಡವೇರುವಾಗ ಎಂಜಿನು ಕಾದುಹೋಗುತ್ತಿದ್ದರೆ ರೇಡಿಯೇಟರಿನ ಕೊಳವೆಗಳನ್ನು ಶುಚಿಮಾಡಿಸಿ, ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗುವಷ್ಟು ಬಿಗಿಯಾಗಿಡಬೇಕು.

೬. ಯೋಗ್ಯವಾದ ಸುಧಾರಣೆಗಳು

ಮೇಲಿನ ಕೆಲಸಗಳೆಲ್ಲ ಮುಗಿದ ಬಳಿಕವೇ ಸುಧಾರಣೆಯ ಮಾತು. ಅವುಗಳಲ್ಲಿ ಮೊದಲನೆಯದು ಎರಡು ವಿಭಾಗಗಳ ಮಾಸ್ಟರ್ ಸಿಲಿಂಡರು. ಇದರಿಂದ ಮುಂದಿನ ಮತ್ತು ಹಿಂದಿನ ಬ್ರೇಕುಗಳ ಮಾರ್ಗ ಬೇರೆಬೇರೆಯಾಗಿ, ಒಂದು ಸೋರಿದರೂ ಇನ್ನೊಂದು ಗಾಡಿಯನ್ನು ಹಿಡಿಯುತ್ತದೆ. ಇದನ್ನು ಅನುಭವಸ್ಥನಿಂದಲೇ ಮಾಡಿಸಬೇಕು. ಎರಡನೆಯದು, ದೀಪಗಳಿಗೆ ಬ್ಯಾಟರಿಯಿಂದ ನೇರವಾದ ತಂತಿ ಮತ್ತು ರಿಲೇ. ಅಲ್ಪ ವೆಚ್ಚದಲ್ಲಿ ಬೆಳಕು ಹೆಚ್ಚುವುದು. ಮೂರನೆಯದು, ಚಾಲಕನಿಗೂ ಜೊತೆಯವನಿಗೂ ಗಟ್ಟಿಯಾಗಿ ಕೂರಿಸಿದ ಸೀಟು ಬೆಲ್ಟು. ದುಬಾರಿಯಾದ ವಿಂಚಿಗೆ ಬದಲು ಒಂದು ಗುದ್ದಲಿ, ಎರಡು ಹಲಗೆ, ಜಾಕಿಯಡಿಗೆ ಅಗಲವಾದ ಮರದ ಮಣೆ, ಬಲವಾದ ಹಗ್ಗ ಇವಿಷ್ಟನ್ನು ಗಾಡಿಯಲ್ಲಿಟ್ಟರೆ ಬಹುಪಾಲು ಸಂದರ್ಭಗಳಿಗೆ ಸಾಕು.

ದೊಡ್ಡ ಟೈರಿನ ವಿಷಯದಲ್ಲಿ ಲೆಕ್ಕ ನೋಡಬೇಕು. ೨೮ ಅಂಗುಲದ ಚಕ್ರಕ್ಕೆ ಬದಲು ೩೧ ಅಂಗುಲದ್ದನ್ನು ಹಾಕಿದರೆ ಗಾಡಿಯ ಅಚ್ಚು ಏರುವುದು ಒಂದೂವರೆ ಅಂಗುಲ ಮಾತ್ರ. ಆದರೆ ಎಂಜಿನಿನ ಎಳೆತವೂ ಬ್ರೇಕಿನ ಹಿಡಿತವೂ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುವು. ಸ್ಟೀರಿಂಗಿನ ಮೇಲಿನ ಭಾರ ಹೆಚ್ಚುವುದು. ಮೂಲ ಅಳತೆಯ, ಆಳವಾದ ಹಲ್ಲಿನ ಟೈರೇ ಕೆಸರಿಗೆ ಉತ್ತಮ. ಇದಲ್ಲದೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನನ್ನು ಬದಲಾಯಿಸುವವರೂ ಇತರ ಮಾರ್ಪಾಡು ಮಾಡಿಸುವವರೂ ನೋಂದಣಿ ಅಧಿಕಾರಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

೭. ಹಣದ ಹಂಚಿಕೆ ಮತ್ತು ಕಾಲ

ದುರಸ್ತಿಗೆಂದು ತೆಗೆದಿಟ್ಟ ಹಣವನ್ನು ನೂರು ಪಾಲು ಮಾಡಿದರೆ, ಬ್ರೇಕಿಗೆ ೩೦, ಸ್ಟೀರಿಂಗು, ಚಕ್ರ, ಟೈರುಗಳಿಗೆ ೩೦, ಗೇರು ಮತ್ತು ಎಣ್ಣೆಗಳಿಗೆ ೧೦, ಎಂಜಿನಿನ ಸಣ್ಣ ಕೆಲಸಗಳಿಗೆ ೧೫ ಪಾಲುಗಳನ್ನು ಇಟ್ಟು, ಉಳಿದ ೧೫ ಪಾಲನ್ನು ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ದೋಷಗಳಿಗಾಗಿ ಮುಟ್ಟದೆ ಇಡುವುದು ಯುಕ್ತ. ಎಂಜಿನನ್ನೇ ಪೂರ್ಣವಾಗಿ ಬಿಚ್ಚಬೇಕಾದರೆ ಅದರ ಲೆಕ್ಕ ಬೇರೆ. ಅದಕ್ಕಾಗಿ ಬ್ರೇಕಿನ ಪಾಲನ್ನು ಮಾತ್ರ ಕಡಿಯಕೂಡದು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಂಥ ಕಡೆ ಹಳೆಯ ಬಿಡಿಭಾಗಗಳನ್ನು ಕೊಳ್ಳುವವರು ಬಾಗಿಲು, ಆಸನ, ಗೇರು ಪೆಟ್ಟಿಗೆಯ ಕವಚಗಳನ್ನು ಕೊಳ್ಳಬಹುದು. ಬ್ರೇಕಿನ ಮತ್ತು ಸ್ಟೀರಿಂಗಿನ ಭಾಗಗಳು ಹೊಸವೇ ಆಗಿರಬೇಕು.

ಈ ಕೆಲಸಕ್ಕೆ ಏಪ್ರಿಲ್ ಮತ್ತು ಮೇ ತಿಂಗಳುಗಳು ಪ್ರಶಸ್ತ. ಮಳೆ ನಿಂತ ಬಳಿಕ, ಕಾಫಿಯ ಕುಯ್ಲಿಗೆ ಮೊದಲು, ಅಕ್ಟೋಬರಿನಲ್ಲಿ ಮತ್ತೊಮ್ಮೆ ಬ್ರೇಕು, ಬೇರಿಂಗು ಮತ್ತು ಎಣ್ಣೆಗಳನ್ನು ಪರೀಕ್ಷಿಸಬೇಕು.

ಕೊನೆಯದಾಗಿ ಚಾಲಕರು ನೆನಪಿಡಬೇಕಾದ ಎರಡು ಮಾತುಗಳು. ಯುದ್ಧಕಾಲದ ಮೂಲ ಜೀಪನ್ನು ಕಾಲು ಟನ್ನಿನ ಗಾಡಿಯೆಂದೇ ವರ್ಗೀಕರಿಸಿದ್ದರು. ಅಮೆರಿಕದ ಟನ್ನಿನ ಲೆಕ್ಕದಲ್ಲಿ ಅದು ೫೦ ಕಿಲೋ ತೂಕದ ನಾಲ್ಕೂವರೆ ಮೂಟೆಗಳಷ್ಟು. ಮುಂದಿನ ನಮೂನೆಗಳು ಇದಕ್ಕಿಂತ ಹೆಚ್ಚು ಹೊರಬಲ್ಲವಾದರೂ ನೋಂದಣಿ ಪುಸ್ತಕದಲ್ಲಿ ಹೇಳಿದ ಮಿತಿಯನ್ನು ಮೀರಕೂಡದು. ಎರಡನೆಯದಾಗಿ, ಗುಡ್ಡವನ್ನು ಯಾವ ಗೇರಿನಲ್ಲಿ ಏರಬೇಕಾಗುವುದೋ ಅದೇ ಗೇರಿನಲ್ಲಿಯೇ ಇಳಿಯಬೇಕು. ಆಗ ಎಂಜಿನೇ ಗಾಡಿಯನ್ನು ಹಿಡಿದು, ಬ್ರೇಕು ಆಪತ್ಕಾಲಕ್ಕೆ ಉಳಿದಿರುತ್ತದೆ. ಈ ಕ್ರಮವನ್ನು ಪಾಲಿಸಿದ ಬೆಳೆಗಾರನ ಜೀಪು ಹೊಳೆಯದಿದ್ದರೂ, ಅದರಲ್ಲಿ ಕುಳಿತವರು ಸಂಜೆಗೆ ಕ್ಷೇಮವಾಗಿ ಮನೆ ಸೇರುವರು. ಹಾಕಿದ ಹಣಕ್ಕೆ ಅದಕ್ಕಿಂತ ದೊಡ್ಡ ಪ್ರತಿಫಲವಿಲ್ಲ.