ಸೊಲೊಮೋನನ ಲೆಕ್ಕ, ಹೊಣೆಯ ಸಹಿ

ಕ್ರೈಸ್ತರ ಬದುಕಿನಲ್ಲಿ ಸಿರಿಗಿಂತ ಜ್ಞಾನ ದೊಡ್ಡದು ಎಂದು ಹೇಳುವಾಗಲೆಲ್ಲ ನೆನಪಾಗುವವನು ಸೊಲೊಮೋನ. ಪಟ್ಟಕ್ಕೆ ಬಂದ ಹೊಸದರಲ್ಲಿ, ಗಿಬ್ಯೋನಿನಲ್ಲಿ, ದೇವರು ಕನಸಿನಲ್ಲಿ ಕಾಣಿಸಿಕೊಂಡು ಏನು ಬೇಕೆಂದು ಕೇಳಿದಾಗ ಅವನು ಆಯುಸ್ಸನ್ನಾಗಲಿ ಐಶ್ವರ್ಯವನ್ನಾಗಲಿ ಬೇಡಲಿಲ್ಲ. ಪ್ರಜೆಗಳಿಗೆ ನ್ಯಾಯ ತೀರಿಸುವ ವಿವೇಕವನ್ನು ಬೇಡಿದ. ಅದು ಸಿಕ್ಕಿತು, ಬೇಡದ ಸಂಪತ್ತೂ ಸಿಕ್ಕಿತು. ಸಂಡೇ ಸ್ಕೂಲಿನಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಹಣಕಾಸಿನ ಪಾಠ ಇರುವುದು ಮುಂದಿನ ಅಧ್ಯಾಯಗಳಲ್ಲಿ.

ಅರಸುಗಳ ಮೊದಲನೆಯ ಗ್ರಂಥ ಅವನ ಜಮಾಖರ್ಚನ್ನು ಮುಚ್ಚಿಡುವುದಿಲ್ಲ. ದೇವಾಲಯ ಕಟ್ಟಲು 7 ವರ್ಷ, ತನ್ನ ಅರಮನೆಗೆ 13 ವರ್ಷ. ದೇವದಾರು ಮರ ಬಂದದ್ದು ಲೆಬನೋನಿನಿಂದ, ತೂರಿನ ಅರಸ ಹೀರಾಮನ ಮೂಲಕ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 20,000 ಕೋರ್ ಗೋಧಿ ಹೋಗುತ್ತಿತ್ತು. 30,000 ಜನರನ್ನು ಬಿಟ್ಟಿ ದುಡಿಮೆಗೆ ಹಿಡಿದು, ತಿಂಗಳಿಗೆ 10,000 ಮಂದಿಯಂತೆ ಪಾಳಿಯ ಮೇಲೆ ಲೆಬನೋನಿಗೆ ಕಳಿಸಲಾಗುತ್ತಿತ್ತು. ಅರಮನೆಯ ಊಟದ ಖರ್ಚನ್ನು 12 ಮಂದಿ ಅಧಿಕಾರಿಗಳು ತಿಂಗಳಿಗೊಬ್ಬರಂತೆ ತಮ್ಮ ತಮ್ಮ ಸೀಮೆಯಿಂದ ಒದಗಿಸಬೇಕಿತ್ತು. ಒಂದೇ ವರ್ಷದಲ್ಲಿ 666 ತಲಾಂತು ಬಂಗಾರ ಬಂದಿತೆಂದು ಬರೆದಿರುವ ಅದೇ ಗ್ರಂಥ, 20 ವರ್ಷಗಳ ಕಟ್ಟೋಣ ಮುಗಿದಾಗ ಮರವನ್ನೂ ಚಿನ್ನವನ್ನೂ ಒದಗಿಸಿದ ಹೀರಾಮನಿಗೆ ಗಲಿಲಾಯದ 20 ಊರುಗಳನ್ನು ಕೊಡಲಾಯಿತೆಂದೂ ಹೇಳುತ್ತದೆ. ಹೀರಾಮ ಬಂದು ನೋಡಿದ; ಅವನಿಗೆ ಆ ಊರುಗಳು ಹಿಡಿಸಲಿಲ್ಲ.

ಬರುವುದು ಹೆಚ್ಚಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಗೆ ಇಷ್ಟು ನೇರವಾದ ಉತ್ತರ ಬೇರೆ ಸಿಗುವುದು ಕಷ್ಟ. ಅರಸನಾದವನು ಕುದುರೆ, ಹೆಂಡತಿಯರು, ಬೆಳ್ಳಿಬಂಗಾರ ಇವನ್ನು ಹೆಚ್ಚಿಸಿಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಕಟ್ಟಪ್ಪಣೆ ಮಾಡಿತ್ತು. ಸೊಲೊಮೋನ ಮೂರನ್ನೂ ಮೀರಿದ. ಅವನು ಸತ್ತ ಮೇಲೆ ಜನ ಮಗ ರೆಹಬ್ಬಾಮನ ಬಳಿ ಹೊರೆ ಇಳಿಸೆಂದು ಕೇಳಿಕೊಂಡರು. ಹಿರಿಯರು ಇಳಿಸೆಂದರು, ಜೊತೆಗೆ ಬೆಳೆದ ಹುಡುಗರು ಏರಿಸೆಂದರು; ಅವನು ಹುಡುಗರ ಮಾತು ಹಿಡಿದ, ರಾಜ್ಯ ಎರಡಾಯಿತು. ಜ್ಞಾನದ ಬೆಲೆ ಇಲ್ಲಿ ತಿಳಿಯುತ್ತದೆ: ಅದು ಹಣ ತರುವ ಉಪಾಯ ಅಲ್ಲ, ಎಲ್ಲಿಗೆ ಸಾಕು ಎನ್ನಬೇಕೆಂಬ ಅರಿವು. ಜ್ಞಾನೋಕ್ತಿಗಳಲ್ಲಿ ಆಗೂರ ಎಂಬವನು ಬಡತನವೂ ಬೇಡ, ಸಿರಿತನವೂ ಬೇಡ, ದಿನದ ಅನ್ನ ಸಾಕು ಎಂದು ಪ್ರಾರ್ಥಿಸಿದ್ದು ಈ ಅರಿವಿನಿಂದಲೇ.

ಈ ಸಾಕು ಎಂಬುದಕ್ಕೆ ಅಂಕಿಯ ರೂಪ ಕೊಟ್ಟವರು 18ನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನು ಅವರು ಬರೆದಿಟ್ಟಿದ್ದಾರೆ. ಅದು ಅವರದೇ ಲೆಕ್ಕ ಎಂದು ಹಲವರು ತಿಳಿಯುತ್ತಾರೆ. 30 ಪೌಂಡ್ ಆದಾಯದಲ್ಲಿ 28ರಲ್ಲಿ ಬದುಕಿ 2 ದಾನ ಮಾಡಿದ ಆತ, ಆದಾಯ 60, 90, 120 ಆದಾಗಲೂ 28ರಲ್ಲೇ ಬದುಕಿ ಉಳಿದದ್ದನ್ನೆಲ್ಲ ಕೊಟ್ಟುಬಿಟ್ಟ. ಬಾಡಿಗೆ, ಶಾಲೆಯ ಫೀಸು ವರ್ಷವರ್ಷ ಏರುವ ಇಂದಿನ ಸಂಸಾರಕ್ಕೆ ಆ ಅಂಕಿ ಹೊಂದದು. ಆದರೆ ಸಂಬಳ ಏರುವ ಮೊದಲೇ ಖರ್ಚಿಗೆ ಗೆರೆ ಎಳೆಯುವ ಕ್ರಮ ಹೊಂದುತ್ತದೆ. ದಶಮಾಂಶವನ್ನು ತಿಂಗಳ ಮೊದಲಿಗೇ ತೆಗೆದಿಡುವ ಮನೆಗಳಲ್ಲಿ ಉಳಿತಾಯವೂ ಆಗುತ್ತದೆ ಎಂಬುದು ಈ ಅಂಕಣಕಾರರು ತಮ್ಮ ಸಭೆಯಲ್ಲಿ ಕಂಡ ಸಂಗತಿ.

ಸತ್ಯವೇದದ ಜ್ಞಾನ ತೀರ ಹತ್ತಿರಕ್ಕೆ ಬಂದು ಮಾತಾಡುವುದು ಹೊಣೆ ನಿಲ್ಲುವ ವಿಷಯದಲ್ಲಿ. ಜ್ಞಾನೋಕ್ತಿಗಳು ಇದನ್ನು ಮತ್ತೆ ಮತ್ತೆ ಎತ್ತುತ್ತವೆ. ತೀರಿಸಲು ಕೈಯಲ್ಲಿ ಇಲ್ಲದಿದ್ದರೆ ಮಲಗುವ ಹಾಸಿಗೆಯೂ ಹೋಗುತ್ತದೆಂದು ಎಚ್ಚರಿಸುತ್ತವೆ. ಸಭೆಗಳಲ್ಲಿ ಇದು ಹಳೆಯ ಮಾತಲ್ಲ. ಭಾನುವಾರ ಆರಾಧನೆ ಮುಗಿದು ಜನ ಅಂಗಳದಲ್ಲಿ ಚಪ್ಪಲಿ ಹುಡುಕುವ ಹೊತ್ತಿಗೆ ಒಬ್ಬರು ಹತ್ತಿರ ಬಂದು, ಸೊಸೈಟಿಯಲ್ಲಿ ಲೋನಿಗೆ ಇನ್ನೊಬ್ಬರ ಜಾಮೀನು ಬೇಕಂತೆ, ಒಂದು ಸಹಿ ಅಷ್ಟೇ ಎನ್ನುತ್ತಾರೆ. ಅಂಕಣಕಾರರ ತಂದೆಗೆ ಇಂಥ ಕೇಳಿಕೆ ಬಂದಾಗ ಅವರು ಫಾರಂ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬರುತ್ತಿದ್ದರು. ಆ ಮೊತ್ತ ಪೂರ್ತಿ ತಾವೇ ಕಟ್ಟಬೇಕಾಗಿ ಬಂದರೆ ಏನು ಮಾಡುವುದೆಂದು ಹೆಂಡತಿಯ ಜೊತೆ ಕೂತು ಲೆಕ್ಕ ಹಾಕುತ್ತಿದ್ದರು. ಆಗದು ಎನಿಸಿದರೆ ಸಹಿ ಹಾಕದೆ, ಕೈಲಾದಷ್ಟು ಹಣವನ್ನು ವಾಪಸು ಕೇಳದ ಹಾಗೆ ಕೊಟ್ಟು ಬರುತ್ತಿದ್ದರು.

ಕಾನೂನೂ ಇದೇ ಲೆಕ್ಕವನ್ನು ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಸಾಲಗಾರ ಕಂತು ತಪ್ಪಿಸಿದರೆ ಜಾಮೀನುದಾರನ ಕ್ರೆಡಿಟ್ ವರದಿಗೂ ಏಟು ಬೀಳಬಹುದು. ಮಗಳ ಓದಿಗೆಂದು ಸಾಲ ಕೇಳಲು ಹೋದ ದಿನ ಅದು ಗೊತ್ತಾಗುತ್ತದೆ.

ಈಗಾಗಲೇ ಸಹಿ ಹಾಕಿದವರಿಗೆ ಜ್ಞಾನೋಕ್ತಿಗಳ 6ನೇ ಅಧ್ಯಾಯ ಹೇಳುವುದು ನಿದ್ದೆಗೂ ಮುಂಚೆ ಹೋಗಿ, ಅಂಗಲಾಚಿಯಾದರೂ ಬಿಡಿಸಿಕೊಳ್ಳಿ ಎಂದು. ಸಾಲದ ಹಣ ಕೈ ಸೇರುವ ಮೊದಲಾದರೆ ಅದು ಸುಲಭ. ಹಣ ಹೋದ ಮೇಲೆ ಒಂದು ನೋಟಿಸು ಕಳಿಸಿ ಕೈತೊಳೆದುಕೊಳ್ಳಲು ಆಗದು. ಬೇರೆ ಜಾಮೀನುದಾರನನ್ನೋ ಅಡಮಾನವನ್ನೋ ತೋರಿಸಿ, ಸಾಲ ಕೊಟ್ಟವರು ಒಪ್ಪಿದರೆ ಮಾತ್ರ ಬಿಡುಗಡೆ. ಒಪ್ಪಿದ್ದನ್ನು ಅವರಿಂದ ಬರಹದಲ್ಲಿ ಪಡೆಯಬೇಕು.