ಒಂದೆಡೆ ಕೂರದ ಮಗು: ಬೈಗುಳ, ಭಾಷೆ ಮತ್ತು ಬೆಂಬಲ
(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪರಿಸರವನ್ನು ಅನುಲಕ್ಷಿಸಿ)

ಕಲಬುರಗಿ ಜಿಲ್ಲೆಯ ಪೂರ್ವ ಹಾಗೂ ದಕ್ಷಿಣ ಭಾಗದ ಆಡುಮಾತಿನಲ್ಲಿ ಒಂದೆಡೆ ಕೂರದ ಮಗುವಿಗೆ ಹೆಸರುಗಳ ಬರವಿಲ್ಲ. ‘ಉಡಾಳ’, ‘ಮಂಗ್ಯಾ’, ‘ಖಬರಗೇಡಿ’ ಎಂಬ ಪದಗಳು ಮನೆಯಲ್ಲೂ ಶಾಲೆಯಲ್ಲೂ ಸಲೀಸಾಗಿ ಬಳಕೆಯಾಗುತ್ತವೆ. ಇವುಗಳ ಅರ್ಥವ್ಯಾಪ್ತಿಯನ್ನು ಸೂಕ್ಷ್ಮವಾಗಿ ಗಮನಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ. ‘ಉಡಾಳ’ ಎಂಬುದು ಮಗುವಿನ ನಡತೆಯ ಮೇಲೆ ಹೊರಿಸುವ ಆರೋಪ. ‘ಖಬರಗೇಡಿ’ಯಲ್ಲಿ ಉರ್ದುವಿನ ‘ಖಬರ್’ ಇದ್ದು, ಎಚ್ಚರ ಕೆಟ್ಟವನು ಎಂಬ ಭಾವವಿದೆ. ಎರಡೂ ಬೈಗುಳಗಳೇ ಆದರೂ ಎರಡನೆಯದು ವೈದ್ಯಶಾಸ್ತ್ರ ಎ.ಡಿ.ಎಚ್.ಡಿ. ಎಂದು ಕರೆಯುವ ಸ್ಥಿತಿಗೆ ಹೆಚ್ಚು ಹತ್ತಿರವಾಗಿದೆ. ಹುಡುಗಿಯರ ವಿಷಯದಲ್ಲಿ ಮಾತ್ರ ಈ ಪದಕೋಶ ಬಡವಾಗುತ್ತದೆ. ಓಡಾಡದೆ, ಗದ್ದಲ ಮಾಡದೆ, ಕುಳಿತಲ್ಲೇ ಎಲ್ಲೋ ಕಳೆದುಹೋಗುವ ಹುಡುಗಿ ‘ಮಂಕು’ ಎನಿಸಿಕೊಂಡು ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾಳೆ.

ಇದು ಹೊಸ ಕಾಲದ ಕಲ್ಪನೆಯಲ್ಲ. 1902ರಲ್ಲಿಯೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ನೀಡಿದ್ದರು. ಈಗಿನ ಹೆಸರು ರೂಢಿಗೆ ಬಂದದ್ದು 1987ರಲ್ಲಿ. ಕನ್ನಡದಲ್ಲಿ ಇದನ್ನು ‘ಗಮನ ಕೊರತೆ ಮತ್ತು ಅತಿಚಟುವಟಿಕೆ’ ಎಂದು ಅನುವಾದಿಸುವುದುಂಟು. ‘ಕೊರತೆ’ ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಂಥ ಮಗು ತನಗೆ ಹಿಡಿಸಿದ ಆಟದಲ್ಲಿ ಗಂಟೆಗಟ್ಟಲೆ ಮುಳುಗಬಲ್ಲದು. ಬೇಕಾದಾಗ, ಬೇಕಾದ ಕಡೆಗೆ ಗಮನವನ್ನು ತಿರುಗಿಸಿ ನಿಲ್ಲಿಸುವುದು ಅದಕ್ಕೆ ಕಷ್ಟ. ‘ಆಟಕ್ಕಾದರೆ ಗಮನ ಬರ್ತದ, ಓದಲಿಕ್ಕೆ ಮಾತ್ರ ಬರಂಗಿಲ್ಲ’ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಈ ಸ್ಥಿತಿ ಬಹುಮಟ್ಟಿಗೆ ಆನುವಂಶಿಕವೆಂದು ತಿಳಿದುಬಂದಿರುವುದರಿಂದ, ತಾಯಿಯ ಮುದ್ದಿನಿಂದ ಮಗು ಕೆಟ್ಟಿತೆಂಬ ಮಾತಿಗೂ ಆಧಾರವಿಲ್ಲ.

ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಲಕ್ಷಣಗಳು 12ನೆಯ ವಯಸ್ಸಿಗೆ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಮುಂದುವರಿದಿರಬೇಕು, ಎರಡು ಅಥವಾ ಹೆಚ್ಚಿನ ಪರಿಸರಗಳಲ್ಲಿ ಕಂಡುಬರಬೇಕು. ಈ ಮೂರನೆಯ ನಿಬಂಧನೆ ಪ್ರಸ್ತುತ ಪ್ರದೇಶದ ಮಟ್ಟಿಗೆ ಅತ್ಯಂತ ಮುಖ್ಯವಾದುದು. ಚಿಂಚೋಳಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ತೆಲಂಗಾಣದ ಗಡಿಗೆ ಹತ್ತಿದ ಊರುಗಳಲ್ಲಿ ತೆಲುಗು ಬೆರೆತಿದೆ. ಶಹಾಬಾದ, ವಾಡಿಗಳ ರೈಲ್ವೆ ಮತ್ತು ಸಿಮೆಂಟ್ ಕಾರ್ಖಾನೆಗಳ ವಸತಿಗಳಲ್ಲಿ ದಖನಿ ಉರ್ದು, ಹಿಂದಿ ಕೇಳಿಬರುತ್ತವೆ. ಕನ್ನಡವೇ ಮನೆಮಾತಾದ ಮಗುವಿಗೂ ಪಠ್ಯಪುಸ್ತಕದ ಕನ್ನಡ ತನ್ನ ಮನೆಯ ಕನ್ನಡವಲ್ಲ. ಪಾಠದ ಮಾತು ಅರ್ಥವಾಗದ ಮಗು ಕಿಟಕಿಯಾಚೆ ನೋಡುವುದು, ಪಕ್ಕದವರನ್ನು ಚಿವುಟುವುದು, ಎದ್ದು ತಿರುಗಾಡುವುದು ಸಹಜ. ಅದನ್ನು ಕಾಯಿಲೆಯೆಂದು ಬಗೆಯುವುದು ಅನ್ಯಾಯ. ತನ್ನ ಮನೆಮಾತಿನಲ್ಲಿ ಅಜ್ಜಿ ಹೇಳುವ ಕಥೆಯನ್ನು ಕೊನೆಯವರೆಗೆ ಕೇಳಿ, ಮರುದಿನ ಅದನ್ನು ತಿರುಗಿ ಹೇಳಬಲ್ಲ ಮಗುವಿನ ತೊಡಕು ಬಹುಶಃ ಭಾಷೆಯದು. ಕಥೆಯ ನಡುವೆಯೂ ಎದ್ದೋಡುವ, ಊಟವನ್ನೂ ಅರ್ಧಕ್ಕೆ ಬಿಡುವ ಮಗುವಿನ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿದೆ. ಕಿವಿ, ಕಣ್ಣಿನ ದೋಷ, ರಕ್ತಹೀನತೆ, ನಿದ್ರೆಯ ಅಭಾವಗಳನ್ನೂ ಮೊದಲು ಪರಿಶೀಲಿಸಬೇಕಾಗುತ್ತದೆ. ತಂದೆತಾಯಿ ಹೈದರಾಬಾದಿಗೋ ಮುಂಬಯಿಗೋ ಗುಳೆ ಹೋದ ಮನೆಗಳಲ್ಲಿ ಮಗುವಿನ ಹಿಂದಿನ ವರ್ಷಗಳ ವೃತ್ತಾಂತವನ್ನು ಹೇಳುವವರೇ ಇರುವುದಿಲ್ಲ ಎಂಬುದು ಇನ್ನೊಂದು ತೊಡಕು.

ಶಾಲೆಯ ಮಟ್ಟಿಗೆ ಹೇಳುವುದಾದರೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿದ ನಲಿ-ಕಲಿ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಮಗು ಎದ್ದು ಹೋಗಿ ತನ್ನ ಕಾರ್ಡನ್ನು ತರುತ್ತದೆ, ಚಿಕ್ಕದೊಂದು ಚಟುವಟಿಕೆ ಮುಗಿಸುತ್ತದೆ, ಕಲಿಕಾ ಏಣಿಯಲ್ಲಿ ಒಂದು ಮೆಟ್ಟಿಲು ಏರುತ್ತದೆ. ಚಡಪಡಿಸುವ ಮಗುವಿಗೆ ತಜ್ಞರು ಸೂಚಿಸುವ ‘ಕೆಲಸವನ್ನು ತುಂಡು ಮಾಡಿ ಕೊಡಿ, ಓಡಾಟಕ್ಕೆ ಅವಕಾಶವಿಡಿ, ಫಲವನ್ನು ಕೂಡಲೇ ಕಾಣಿಸಿ’ ಎಂಬ ಮೂರೂ ಸಲಹೆಗಳು ಈ ಪದ್ಧತಿಯಲ್ಲಿ ಅಡಕವಾಗಿವೆ. ಗುಂಪುಗಳ ಗದ್ದಲ ಗಮನವನ್ನು ಕೆಡಿಸುತ್ತದೆ ಎಂಬುದೂ ನಿಜವೇ. ಆದರೂ ಮೂರನೆಯ ತರಗತಿಯವರೆಗೆ ಹೇಗೋ ಸಾಗಿಬಂದ ಮಗು ನಾಲ್ಕನೆಯ ತರಗತಿಯಲ್ಲಿ ಸಾಲಾಗಿ ಕುಳಿತು, ಕರಿಹಲಗೆಯಿಂದ ದೀರ್ಘ ಬರಹವನ್ನು ಇಳಿಸಿಕೊಳ್ಳಬೇಕಾದಾಗ ಏಕಾಏಕಿ ‘ಕೆಟ್ಟುಹೋದ’ಂತೆ ತೋರುವುದುಂಟು. ಅಲ್ಲಿ ಬದಲಾದದ್ದು ತರಗತಿಯ ಕ್ರಮ. ನಲಿ-ಕಲಿ ಶಿಕ್ಷಕರು ತಮ್ಮ ಅನುಭವವನ್ನು ಮುಂದಿನ ಶಿಕ್ಷಕರಿಗೆ ಬಾಯಿಮಾತಿನಲ್ಲಿ ತಿಳಿಸಿದರೂ ಎಷ್ಟೋ ಉಪಕಾರವಾಗುತ್ತದೆ. ಬಾಗಿಲು-ಕಿಟಕಿಗಳಿಂದ ದೂರ, ಶಿಕ್ಷಕರ ಸಮೀಪ ಸ್ಥಳ ಕೊಡುವುದು, ಹತ್ತು ಲೆಕ್ಕಗಳನ್ನು ಐದೈದಾಗಿ ಕೊಡುವುದು, ಸುಣ್ಣದ ಕಡ್ಡಿ ತರುವ, ಪುಸ್ತಕ ಹಂಚುವ ಕೆಲಸವನ್ನು ವಹಿಸುವುದು ಖರ್ಚಿಲ್ಲದ ಉಪಾಯಗಳು. ಶಿಕ್ಷೆಯಾಗಿ ಆಟದ ಅವಧಿಯನ್ನು ಕಸಿದುಕೊಳ್ಳುವುದು ಮಾತ್ರ ತೀರ ವಿಪರೀತ ಫಲ ಕೊಡುತ್ತದೆ. ಹೊಡೆತದ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಮನೆಯಲ್ಲಿನ ತೊಡಕಿಗೆ ಕನ್ನಡದ ವಾಕ್ಯರಚನೆಯೂ ಕೊಂಚ ಕಾರಣವೆನ್ನಬಹುದು. ‘ಕೈಕಾಲು ತೊಳಕೊಂಡು, ಬಟ್ಟಿ ಬದಲಿಸಿ, ಅಂಗಡಿಯಿಂದ ಸಕ್ರಿ ತಂದುಕೊಟ್ಟು ಓದಲಿಕ್ಕೆ ಕುಂದ್ರು’ ಎಂಬುದು ವ್ಯಾಕರಣದ ದೃಷ್ಟಿಯಿಂದ ಒಂದೇ ವಾಕ್ಯ. ಭೂತನ್ಯೂನಗಳ ಸರಪಣಿಯಲ್ಲಿ ಎಷ್ಟು ಕೆಲಸಗಳನ್ನಾದರೂ ಪೋಣಿಸಬಹುದಾದದ್ದು ಕನ್ನಡದ ಸೊಗಸು. ಚಂಚಲ ಮಗುವಿಗೆ ಅದು ನಾಲ್ಕು ಆಜ್ಞೆ. ಅದು ಅಂಗಡಿಯ ದಾರಿಯಲ್ಲಿ ಗೋಲಿಯಾಟಕ್ಕೆ ನಿಂತರೆ ‘ಬೇಕಂತನೇ ಮಾಡ್ತಾನ’ ಎಂಬ ತೀರ್ಮಾನ ಹೊರಬೀಳುತ್ತದೆ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಮುಖ ನೋಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಮುಗಿಸಿದೊಡನೆ ‘ಶಾಣ್ಯಾ’ ಎನ್ನಬೇಕು. ಮೆಚ್ಚುಗೆ ಸಂಜೆಯವರೆಗೆ ಕಾದರೆ ಅದರ ಪ್ರಯೋಜನ ಕಡಿಮೆ. ಅವ್ವ ಬೇಡವೆಂದದ್ದನ್ನು ಅಜ್ಜ ಕೊಡಿಸುವ ಕೂಡುಕುಟುಂಬದಲ್ಲಿ ಹಿರಿಯರು ಒಂದೆರಡು ನಿಯಮಗಳನ್ನಾದರೂ ಒಮ್ಮತದಿಂದ ಪಾಲಿಸುವುದು ಅವಶ್ಯ. ರಾತ್ರಿಪಾಳಿ ಮುಗಿಸಿದ ತಂದೆ ಹಗಲು ಮಲಗುವ ಎರಡು ಕೋಣೆಯ ಮನೆಯಲ್ಲಿ ‘ಸದ್ದಿಲ್ಲದೆ ಕುಂದ್ರು’ ಎನ್ನುವುದಕ್ಕಿಂತ ಮಗುವನ್ನು ಆ ಹೊತ್ತು ಹೊರಗೆ ಆಡಲು ಬಿಡುವುದೇ ವಿವೇಕ. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು ಮನೆಯವರ ಸಮಾಧಾನಕ್ಕೆ ಇರಲಿ, ಆದರೆ ಅದಕ್ಕಾಗಿ ವರ್ಷಗಳನ್ನು ಕಳೆಯಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಈ ಸ್ಥಿತಿ ಹೆಸರಿಸಲ್ಪಟ್ಟಿದೆ. ಶಾಲೆಗೆ ಬರುವ ಸಂಚಾರಿ ವೈದ್ಯತಂಡದ ಮುಂದೆ ಶಿಕ್ಷಕರು ಅನುಮಾನವಿರುವ ಮಗುವಿನ ಬಗ್ಗೆ ಬಾಯಿ ಬಿಟ್ಟು ಹೇಳಬೇಕು. ಹಲ್ಲು, ಕಣ್ಣುಗಳಂತೆ ಇದು ನೋಡಿದೊಡನೆ ತಿಳಿಯುವಂಥದ್ದಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಕನ್ನಡದಲ್ಲಿಯೇ ಮಾತಾಡಬಹುದು. ಕೆಲವು ಮಕ್ಕಳಿಗೆ ಔಷಧಿಯೂ ಬೇಕಾಗುತ್ತದೆ. ಮುಖ್ಯ ಔಷಧಿಯಾದ ಮಿಥೈಲ್‌ಫೆನಿಡೇಟ್ ಕಠಿಣ ನಿಯಂತ್ರಣದಲ್ಲಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದು ಸಿಗುವ ಅಂಗಡಿ ಯಾವುದೆಂದು ವೈದ್ಯರನ್ನೇ ಕೇಳಿಕೊಳ್ಳುವುದು ಲೇಸು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಗುರುತಿಸಿದ 21 ಸ್ಥಿತಿಗಳಲ್ಲಿ ಇದರ ಹೆಸರಿಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ. ಎರಡೂ ಒಂದೇ ಮಗುವಿನಲ್ಲಿ ಕಂಡುಬರುವುದು ಅಪರೂಪವಲ್ಲವಾದ್ದರಿಂದ, ಓದು-ಬರಹದ ಪರೀಕ್ಷೆಯನ್ನೂ ಮಾಡಿಸುವಂತೆ ಪಾಲಕರು ಕೇಳಬೇಕು. ವೈದ್ಯರಲ್ಲಿಗೆ ಹೋಗುವಾಗ ತರಗತಿ ಶಿಕ್ಷಕರಿಂದ ಒಂದು ಪುಟದ ಟಿಪ್ಪಣಿ ಒಯ್ಯುವುದು ಒಳ್ಳೆಯದು. ಮಗು ಎಷ್ಟು ನಿಮಿಷ ಕೂರುತ್ತದೆ, ಯಾವ ಹೊತ್ತಿಗೆ ಏಳುತ್ತದೆ, ಯಾವ ಕೆಲಸ ಮುಗಿಸುತ್ತದೆ, ಯಾವ ಭಾಷೆಯಲ್ಲಿ ಹೇಳಿದರೆ ಕೇಳುತ್ತದೆ ಎಂಬಷ್ಟು ವಿವರ ಅದರಲ್ಲಿದ್ದರೆ ಸಾಕು. ‘ಉಡಾಳ’ ಎಂಬ ಪದ ಅದರಲ್ಲಿ ಬೇಕಿಲ್ಲ.